ಕೆಮ್ಮಣ್ಣಿನ ಎರಡಕ್ಷರ

ರಾಮನಗರ, ಕೊಯಮತ್ತೂರು
12 ಜೂನ್ 2023

ಪ್ರಿಯ ನಿವೇತಾ,

ನಿನ್ನ ಪತ್ರವನ್ನು ಅಂಚೆಯವರು ಮೊನ್ನೆ ನನ್ನ ಕೈಗೇ ಕೊಟ್ಟು ಹೋದರು. ಕರೆಗಂಟೆ ಒತ್ತಿದರೆ ನನಗೆ ಕೇಳಿಸದೆಂದು ಅವರಿಗೂ ಈಗ ತಿಳಿದಿದೆ. ಕಿಟಕಿಯ ಬಳಿ ನಿಂತು ಕೈ ಬೀಸುತ್ತಾರೆ. ಕಿವಿ ಪೂರ್ತಿಯಾಗಿ ಕೈಕೊಟ್ಟ ಮೇಲೆ ಫೋನು ನನ್ನ ಪಾಲಿಗೆ ಬರಿಯ ಗಡಿಯಾರವಾಗಿದೆ. ಶಾಲೆಯಲ್ಲಿ ನಿನಗೆ ಬಾಯಲ್ಲಿ ಹೇಳುತ್ತಿದ್ದ ಪಾಠವನ್ನು ಇನ್ನು ಕಾಗದದ ಮೇಲೆಯೇ ಹೇಳಬೇಕು.

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವೆನೆಂದು ಬರೆದಿದ್ದೀಯ. ಹೊಟ್ಟೆಯಲ್ಲಿ ಆರು ತಿಂಗಳ ಮಗು, ಮಡಿಲಲ್ಲಿ ಇಂಗ್ಲಿಷ್ ಪುಸ್ತಕ. ಈ ಚಿತ್ರ ಕಣ್ಣಮುಂದೆ ಬಂದು ಒಬ್ಬಳೇ ಕುಳಿತು ನಕ್ಕೆ, ಸಂತೋಷಕ್ಕೆ ನಕ್ಕೆ. ಗುರುದಕ್ಷಿಣೆ ಏನೆಂದು ಕೇಳಿದ್ದೀಯ. ಹಳೆಯದೇ ಇರಲಿ. ಶಾಲೆ ಬಿಟ್ಟ ಮೇಲೆ ತೊಂಡಾಮುತ್ತೂರಿನ ಬಸ್ಸಿಗೆ ಕಾಯುತ್ತ ನೀನು ನಿನ್ನ ತಂಗಿಯನ್ನು ಮನೆಮಾತಾದ ಕನ್ನಡದಲ್ಲಿ ಬೈಯುತ್ತಿದ್ದೆ. ಓದಲು ಬರುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, "ಮಾತಾಡಕ್ ಮಟ್ಟುಂ ಬರ್ತದೆ ಟೀಚರ್, ಎಳುತ್ತು ನಮ್ಮನೇಲಿ ಯಾರ್ಗೂ ಗೊತ್ತಿಲ್ಲ" ಎಂದೆ. ಅಂದಿನಿಂದ ಇಂಗ್ಲಿಷಿನ ಜೊತೆಗೆ, ನೀನು ಎಳುತ್ತು ಎಂದ ಆ ಕನ್ನಡ ಅಕ್ಷರವನ್ನೂ ನಾನು ಕಲಿಸಿದೆ, ದಕ್ಷಿಣೆಯಾಗಿ ನೀನು ನನಗೆ ಕನ್ನಡದಲ್ಲಿ ಬರೆದು ತೋರಿಸಿದೆ. ಈಗಲೂ ಅಷ್ಟೇ. ಪ್ರತಿ ಪಾಠಕ್ಕೂ ಕನ್ನಡದಲ್ಲಿ ಒಂದು ಪತ್ರ.

ನನ್ನ ಪಾಠದ ಕ್ರಮ ನೆನಪಿದೆಯಲ್ಲ? ಒಂದು ಸಲಕ್ಕೆ ಒಂದೇ ಕ್ರಿಯಾಪದ. ಪುಸ್ತಕದ ವಾಕ್ಯ ಕೂಡದು; ನಿನ್ನ ಮನೆಯೊಳಗೆ ನಡೆದದ್ದೇ ವಾಕ್ಯವಾಗಬೇಕು.

ಈ ಸಲದ್ದು ‘ಕೀಪ್’. ನಿಘಂಟು ‘ಇಟ್ಟುಕೊಳ್ಳು’ ಎಂದು ಹೇಳಿ ಸುಮ್ಮನಾಗುತ್ತದೆ. ಅದನ್ನು ನಂಬಿ ಕೂರಬೇಡ. ಕೀಲಿಕೈ ಇಟ್ಟುಕೊಂಡರೂ ಕೀಪ್, ಹಸು ಸಾಕಿದರೂ ಕೀಪ್, ಅಂಗಡಿ ನಡೆಸಿದರೂ ಕೀಪ್. ಮಾಡಿಟ್ಟ ಪದಾರ್ಥ ಕೆಡದೆ ಉಳಿದರೆ ಅದಕ್ಕೂ ಇದೇ ಮಾತು. ಆ ಪದಾರ್ಥ ತನ್ನನ್ನು ತಾನೇ ಕಾಪಾಡಿಕೊಂಡ ಹಾಗೆ. ನಾವು ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಮಾತು ಹುಡುಕುತ್ತೇವೆ, ಅವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾವು ಇಟ್ಟುಕೊಳ್ಳುವುದು ಒಂದು, ತಾನೇ ಕೆಡದೆ ಉಳಿಯುವುದು ಇನ್ನೊಂದು; ಈ ಎರಡು ಬಗೆಗೆ ವಾಕ್ಯ ಬರೆದು ಕಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಏಳಿಗೆಯನ್ನು ಬಯಸುವ,
ವನಮಾಲಾ


ಕುನ್ನತ್ತೂರು
26 ಜೂನ್ 2023

ಪೂಜ್ಯ ಟೀಚರಿಗೆ,

ವಾಕ್ಯಗಳನ್ನು ಬೇರೆ ಹಾಳೆಯಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದೇನೆ. ನಾವು ಎರಡು ಹಸು, ಒಂದು ಎಮ್ಮೆ ಸಾಕಿದ್ದೇವೆ, ಅದು ಒಂದು. ಅತ್ತೆ ಬೀರುವಿನ ಕೀಲಿಕೈಯನ್ನು ಸೊಂಟದಲ್ಲಿ ಇಟ್ಟುಕೊಳ್ಳುತ್ತಾರೆ, ಅದು ಎರಡು. ಇಡ್ಲಿ ಹಿಟ್ಟು ಈ ಸೆಕೆಗೆ ಮಾರನೆಯ ದಿನಕ್ಕೆ ಉಳಿಯುವುದಿಲ್ಲ, ಅದು ಮೂರು. ಇವರು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೆಣಿಗೆ ಯಂತ್ರಗಳ ಮೆಕ್ಯಾನಿಕ್ ಎಂದು ನಿಮಗೆ ಗೊತ್ತಲ್ಲ, ಅವರ ಮೇಲೂ ಒಂದು ವಾಕ್ಯವಿದೆ. ಅದನ್ನು ಓದಿ ನಗಬೇಡಿ.

ನಾನು ನಿಮಗೆ ಬರೆಯುವುದನ್ನು ಅತ್ತೆ ಹಿಂದೆ ನಿಂತು ನೋಡಿದರು.

"ಏನ್ ಅಮ್ಮಿಣಿ, ಕಾಗ್ದದ ಮ್ಯಾಲೆ ಜಿಲೇಬಿ ಸುಡ್ತಿದ್ದೀಯ?"

"ಇದು ನಮ್ಮ ಬಾಸೆ ಎಳುತ್ತು ಅತ್ತೆ."

"ನಮ್ಮ ಬಾಸೆಗೆ ಎಳುತ್ತೂ ಇದೆಯಾ! ನಾ ಅದು ಬಾಯಿಗೆ ಮಟ್ಟುಂ ಅಂತ ನೆನಸ್ಕಂಡಿದ್ದೆ."

ಆಮೇಲೆ ತಮ್ಮ ಹೆಸರನ್ನು ಬರೆದು ತೋರಿಸು ಎಂದರು. ನಾಚಿಯಮ್ಮ ಎಂದು ಬರೆದೆ. ಬಹಳ ಹೊತ್ತು ನೋಡಿ, "ಪರವಾಯಿಲ್ಲ, ದುಂಡುದುಂಡಗೆ ನನ್ನಂಗೇ ಇದೆ" ಎಂದರು. ಅತ್ತೆಯನ್ನು ನೀವು ನೋಡಬೇಕು ಟೀಚರ್. ನನ್ನನ್ನು ಎಮ್ಮೆಯ ಹತ್ತಿರ ಹೋಗಲು ಬಿಡುವುದಿಲ್ಲ. ಮಗು ಒದ್ದರೆ ತಾವೇ ಕೈಯಿಟ್ಟು, "ನಮ್ಮ ಕಾರ್ತಿನೂ ಇಂಗೇ, ಒಂದು ಗಳಿಗೆ ಸುಮ್ನಿರ್ತಿರ್ಲಿಲ್ಲ" ಎಂದು ಇವರ ಸುದ್ದಿ ಹೇಳುತ್ತಾರೆ.

ನಿಮ್ಮ ಶಿಷ್ಯೆ,
ನಿವೇತಾ


ರಾಮನಗರ, ಕೊಯಮತ್ತೂರು
10 ಜುಲೈ 2023

ಪ್ರಿಯ ನಿವೇತಾ,

ವಾಕ್ಯಗಳೆಲ್ಲ ಸರಿಯಾಗಿವೆ. ಗಂಡನ ಮೇಲಿನ ವಾಕ್ಯಕ್ಕೆ ನಕ್ಕೆ. ಅವನು ಬಂದಾಗಲೆಲ್ಲ ಮನೆಯ ತುಂಬ ಯಂತ್ರದೆಣ್ಣೆಯ ವಾಸನೆ ಇರಿಸುವುದು ಕೀಪ್ ಅಲ್ಲ ಕಣಮ್ಮ, ಅದಕ್ಕೆ ಬೇರೆ ಕ್ರಿಯಾಪದವಿದೆ, ಮುಂದೆ ಹೇಳುತ್ತೇನೆ.

ಈಗ ಮೂರನೆಯ ಬಳಕೆ. ಕೀಪ್ ಆದಮೇಲೆ ಇನ್ನೊಂದು ಕ್ರಿಯೆ ಬಂದರೆ ಅದು ‘ಮಾಡುತ್ತಲೇ ಇರು’ ಎಂದಾಗುತ್ತದೆ. ಮಳೆ ಬರುತ್ತಲೇ ಇತ್ತು. ಅವಳು ನಗುತ್ತಲೇ ಇದ್ದಳು. ಇಲ್ಲಿ ಇಟ್ಟುಕೊಳ್ಳುವವರು ಯಾರೂ ಇಲ್ಲ, ಇಟ್ಟುಕೊಳ್ಳುವ ವಸ್ತುವೂ ಇಲ್ಲ. ನಿಲ್ಲದಿರುವುದಷ್ಟೇ ಅದರ ಅರ್ಥ. ಭೂತಕಾಲದಲ್ಲಿ ‘ಕೆಪ್ಟ್’. ಇದಕ್ಕೆ ಒಂದು ವಾಕ್ಯ ಸಾಕು, ಆದರೆ ಚೆನ್ನಾಗಿರಲಿ.

ಈ ಪತ್ರದೊಂದಿಗೆ ಒಂದು ಪೊಟ್ಟಣವೂ ಬರುತ್ತದೆ. ನಮ್ಮ ಯಜಮಾನರ ಹಳೆಯ ಪಂಚೆಗಳು, ಒಗೆದು ಒಗೆದು ಬೆಣ್ಣೆಯಾಗಿವೆ. ತುಂಡು ಮಾಡಿ ಅಂಚು ಹೊಲಿದಿದ್ದೇನೆ. ಹೊಸ ಬಟ್ಟೆ ಎಳೆಯ ಮೈಗೆ ಚುಚ್ಚುತ್ತದೆ. ಮಗುವನ್ನು ಮೊದಲು ಇದರಲ್ಲಿ ಸುತ್ತು.

ಆಶೀರ್ವಾದಗಳೊಂದಿಗೆ,
ವನಮಾಲಾ


ರಾಮನಗರ, ಕೊಯಮತ್ತೂರು
25 ಸೆಪ್ಟೆಂಬರ್ 2023

ಪ್ರಿಯ ನಿವೇತಾ,

ಇಷ್ಟರಲ್ಲಿ ನಿನ್ನ ಮನೆಯಲ್ಲಿ ತೊಟ್ಟಿಲು ಕಟ್ಟಿರಬೇಕು. ಮಗುವೋ ಪತ್ರವೋ ಎಂದರೆ ಮಗುವೇ ಮೊದಲು, ಅದರಲ್ಲಿ ನನಗೆ ಬೇಸರವಿಲ್ಲ. ಗಂಡೋ ಹೆಣ್ಣೋ, ಮೂಗು ಯಾರದು, ಇಷ್ಟನ್ನು ಬರೆದರೆ ಸಾಕು. ವಾಕ್ಯ ಆಮೇಲೆ.

ದಾರಿ ನೋಡುತ್ತಿರುವ,
ವನಮಾಲಾ


ರಾಮನಗರ, ಕೊಯಮತ್ತೂರು
30 ಅಕ್ಟೋಬರ್ 2023

ನಿವೇತಾ,

ಪಾಠ ಬೇಡ. ಪರೀಕ್ಷೆಯೂ ಬೇಡ. ಹೇಗಿದ್ದೀಯ ಎಂದು ಒಂದು ಸಾಲು ಬರೆ ಮಗಳೇ.

ವನಮಾಲಾ


ಕುನ್ನತ್ತೂರು
9 ನವೆಂಬರ್ 2023

ಪೂಜ್ಯ ಟೀಚರಿಗೆ,

‘ಮಾಡುತ್ತಲೇ ಇರು’ ಎಂಬ ಬಳಕೆಗೆ ವಾಕ್ಯ ಕೇಳಿದ್ದಿರಿ.

ದ ಮಿಲ್ಕ್ ಕೆಪ್ಟ್ ಕಮಿಂಗ್.

ಇದು ಹಸುವಿನ ಹಾಲಲ್ಲ. ಆಗಸ್ಟ್ ಮೊದಲ ವಾರದಲ್ಲಿ, ದಿನ ತುಂಬುವ ಮೊದಲೇ ನೋವು ಬಂತು. ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿ ಎರಡು ಹಗಲು ಉಸಿರಾಡಿದಳು. ಆಮೇಲೆ ಇಲ್ಲ. ಆಸ್ಪತ್ರೆಯವರು ಆದದ್ದನ್ನೆಲ್ಲ ಮಾಡಿದರು. ನೀವು ಕಳಿಸಿದ ಪಂಚೆಯಲ್ಲೇ ಸುತ್ತಿ, ಇವರು ಹೊಲದ ಬದುವಿನ ಹತ್ತಿರ ಮಣ್ಣು ಮಾಡಿ ಬಂದರು. ಈಗ ಆ ಕಡೆಯ ದಾರಿ ಬಿಟ್ಟು ಸುತ್ತಿ ಹೋಗುತ್ತಾರೆ.

ನನ್ನ ಹಾಲಿಗೆ ಮಾತ್ರ ಈ ಸಂಗತಿ ತಿಳಿಯಲಿಲ್ಲ. ಬರುತ್ತಲೇ ಇತ್ತು. ಹಾಲು ಬತ್ತಲೆಂದು ಅತ್ತೆ ಎದೆಗೆ ಮಲ್ಲಿಗೆ ಹೂ ಕಟ್ಟಿದರು, ಬಟ್ಟೆ ಬಿಗಿದರು. ಒಂದು ದಿನ ಸೀರೆಯೆಲ್ಲ ಒದ್ದೆಯಾಗಿ ನಾನು ಅತ್ತುಬಿಟ್ಟೆ. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಅಳ್ಬಾರ್ದು ಅಮ್ಮಿಣಿ. ಹೆಸ್ರು ಇಡ್ದಿರೋ ಕೂಸಿಗೆ ಅಳ್ಬಾರ್ದು. ಒಪ್ಪಾರಿ ಕೂಡಾ ಇಲ್ಲ ಅದುಕ್ಕೆ. ಏನಂತ ಕೂಗಿ ಅಳ್ತೀಯ?"

ನಮ್ಮಲ್ಲಿ ಸತ್ತವರನ್ನು ಹೆಸರು ಹಿಡಿದು ಕೂಗಿ ಹಾಡಿ ಅಳುವುದನ್ನು ಒಪ್ಪಾರಿ ಎನ್ನುತ್ತಾರೆ. ಹೆಸರಿಡುವ ಮುಂಚೆ ಹೋದ ಮಗುವಿಗೆ ಅದು ಇಲ್ಲ. ಮನೆಯಲ್ಲಿ ಆ ಮಾತನ್ನೇ ಎತ್ತುವುದಿಲ್ಲ. ಎತ್ತಿದರೆ ಮುಂದೆ ಬರುವ ಮಗು ಬೆದರುತ್ತದಂತೆ. ಹಾಗಾಗಿ ಎಲ್ಲರೂ ಸುಮ್ಮನಿದ್ದಾರೆ. ಅತ್ತೆ ಒಳ್ಳೆಯವರು ಟೀಚರ್. ಬಿಸಿನೀರು ಕಾಯಿಸಿ ಕೊಡುತ್ತಾರೆ, ತಲೆ ಬಾಚುತ್ತಾರೆ. ತೊಟ್ಟಿಲ ಸೀರೆಯನ್ನು ಮಾತ್ರ ಎಲ್ಲಿಟ್ಟಿದ್ದಾರೆಂದು ನನಗೆ ಗೊತ್ತಿಲ್ಲ.

ವಾಕ್ಯ ತಪ್ಪಿದ್ದರೆ ತಿದ್ದಿ.

ನಿವೇತಾ


ರಾಮನಗರ, ಕೊಯಮತ್ತೂರು
17 ನವೆಂಬರ್ 2023

ನನ್ನ ಮಗಳೇ,

ನಿನ್ನ ವಾಕ್ಯದಲ್ಲಿ ತಿದ್ದುವುದು ಏನೂ ಇಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗಿಯರ ವಾಕ್ಯಗಳಿಗೆ ಕೆಂಪು ಶಾಯಿ ಹಾಕಿದ ಕೈ ಇದು. ಆ ಸಾಲಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ.

ಸಮಾಧಾನದ ಮಾತುಗಳು ನನಗೆ ಬಹಳ ಗೊತ್ತು. ಅವನ್ನು ಬರೆಯುವುದಿಲ್ಲ. ಆ ಪಂಚೆಯ ಅಂಚು ಹೊಲಿಯುವಾಗ ದಾರ ಒರಟಾಗದಿರಲೆಂದು ಎರಡು ಸಲ ಬಿಚ್ಚಿ ಹೊಲಿದಿದ್ದೆ. ಅದು ಮೆದುವಾಗಿತ್ತು ನಿವೇತಾ. ಅಷ್ಟನ್ನು ನಿನಗೆ ಹೇಳಬಲ್ಲೆ.

ನಿನ್ನನ್ನು ಒಂದು ಕೇಳಲೇ? ಉತ್ತರಿಸಲಾಗದಿದ್ದರೆ ಬಿಟ್ಟುಬಿಡು. ಹೊಟ್ಟೆಯಲ್ಲಿರುವ ಮಗುವನ್ನು ತಾಯಂದಿರು ಏನಾದರೂ ಒಂದು ಕರೆದೇ ಕರೆಯುತ್ತಾರೆ. ನಿನ್ನ ಮಗಳನ್ನು ನೀನು ಏನೆಂದು ಕರೆಯುತ್ತಿದ್ದೆ?

ನಿನ್ನ ಪಕ್ಕದಲ್ಲಿ ಕುಳಿತಿರುವೆನೆಂದು ತಿಳಿ.
ವನಮಾಲಾ


ಕುನ್ನತ್ತೂರು
19 ಡಿಸೆಂಬರ್ 2023

ಪೂಜ್ಯ ಟೀಚರಿಗೆ,

ತುಂಬೆ.

ಮಳೆ ಬಿದ್ದರೆ ನಮ್ಮ ಬದುವಿನ ತುಂಬ ಬೆಳ್ಳಗೆ ಅರಳುತ್ತದಲ್ಲ, ಆ ಹೂವು. ಹೆಣ್ಣಾದರೆ ಯಾಳಿನಿ ಎಂಬ ಹೆಸರನ್ನು ಇವರು ಫೋನಿನಲ್ಲಿ ಹುಡುಕಿ ಗೊತ್ತುಮಾಡಿಕೊಂಡಿದ್ದರು. ನಾನು ಒಬ್ಬಳೇ ಇರುವಾಗ ತುಂಬೆ ಎನ್ನುತ್ತಿದ್ದೆ. ಒದೆಯುತ್ತಿದ್ದಳು.

ನಿಮ್ಮ ಪತ್ರ ಬಂದ ಮರುದಿನ ಬೆಳಿಗ್ಗೆ ಅಂಗಳದ ರಂಗೋಲಿಯ ಅಂಚಿಗೆ ಬಳಿಯಲು ಕಲಸಿದ್ದ ಕೆಮ್ಮಣ್ಣು ಮಿಕ್ಕಿತ್ತು. ಅಡುಗೆಮನೆಯಲ್ಲಿ ಒರಳಿನ ಮೇಲಿನ ಗೋಡೆಯಲ್ಲಿ ಬೆರಳದ್ದಿ ಅವಳ ಹೆಸರನ್ನು ಬರೆದೆ. ಮರೆಯಲ್ಲಿ ಬರೆಯಲಿಲ್ಲ, ಎಲ್ಲರೂ ಓಡಾಡುವ ಕಡೆಯಲ್ಲೇ ಬರೆದೆ. ಈ ಮನೆಯವರು ಆಡುವ ಭಾಷೆಯಲ್ಲೇ ಬರೆದೆ. ಓದುವವರಿಲ್ಲ ಎಂಬ ಒಂದೇ ಧೈರ್ಯ.

ಅತ್ತೆ ನೋಡಿ, "ಏನ್ ಅಮ್ಮಿಣಿ, ಜಿಲೇಬಿ ಗ್ವಾಡೆ ಏರ್ಬಿಟ್ಟಿದೆ?" ಎಂದರು. ನಾನು ಒರಳು ತೊಳೆಯಲು ಬಗ್ಗಿದೆ. ಅವರೇ, "ಸಾಮಿ ಹೆಸ್ರಾ?" ಎಂದರು. ಹೌದೆಂದು ನನ್ನ ತಲೆ ತಾನಾಗಿ ಆಡಿತು.

ಆ ಶುಕ್ರವಾರ ಅತ್ತೆ ಸ್ನಾನ ಮಾಡಿ ಬಂದು, ಎರಡಕ್ಷರದ ನಡುವಿನ ಸೊನ್ನೆಯೊಳಗೆ ಕುಂಕುಮವಿಟ್ಟು ಕೈಮುಗಿದರು. ಸೊನ್ನೆ ಇರುವುದೇ ಅದಕ್ಕೆಂದು ತಿಳಿದಿದ್ದಾರೆ. ಅಂದಿನಿಂದ ಪ್ರತಿ ಶುಕ್ರವಾರವೂ ಇಡುತ್ತಾರೆ. "ನೀ ಯಾವ ಸಾಮಿನೋ ನಂಗೆ ಓದಕ್ ಬರಲ್ಲ. ನನ್ ಸೊಸೆ ಮೊಕದಾಗೆ ಒಂಚೂರು ನಗು ಕೊಡು ತಾಯೀ" ಎಂದು ಅವರು ಬೇಡುವುದನ್ನು ನಾನು ಹಿಟ್ಟು ರುಬ್ಬುತ್ತ ಕೇಳುತ್ತೇನೆ.

ಈಗ ಪೊಂಗಲ್ ಹತ್ತಿರ ಬಂತು. ಮನೆಗೆಲ್ಲ ಸುಣ್ಣ ಹೊಡೆಯಬೇಕು. ನಮ್ಮಲ್ಲಿ ಅಡುಗೆಮನೆಯ ಗೋಡೆಗೆ ಸೊಸೆಯೇ ಹೊಡೆಯುವುದು ಪದ್ಧತಿ. "ಸುಣ್ಣಾಂಬು ಒಣಗಿದ್ ಮ್ಯಾಲೆ ಸಾಮಿ ಹೆಸ್ರು ಪುದುಸಾಗಿ ಇನ್ನೊಂದ್ ಸಲ ಬರ್ದುಬಿಡು" ಎಂದು ಅತ್ತೆ ಹೇಳಿಯಾಗಿದೆ. ನನ್ನ ಕೈಯಾರೆ ಅವಳನ್ನು ಹೇಗೆ ಅಳಿಸಲಿ ಟೀಚರ್? ದೇವರೆಂದು ನಂಬಿರುವ ಅತ್ತೆಗೆ ಈಗ ಏನೆಂದು ಹೇಳಲಿ? ದಾರಿ ತೋರಿಸಿ.

ನಿವೇತಾ


ರಾಮನಗರ, ಕೊಯಮತ್ತೂರು
27 ಡಿಸೆಂಬರ್ 2023

ಪ್ರಿಯ ನಿವೇತಾ,

ಕೀಪ್ ಪಾಠದಲ್ಲಿ ಒಂದು ಬಳಕೆಯನ್ನು ನಾನು ಹೇಳಿರಲಿಲ್ಲ. ಒಬ್ಬರಿಗೆ ತಿಳಿಯದಂತೆ ಒಂದನ್ನು ಬಚ್ಚಿಡುವುದಕ್ಕೂ ಇಂಗ್ಲಿಷಿನವರು ಇದೇ ಕ್ರಿಯಾಪದವನ್ನು ಬಳಸುತ್ತಾರೆ. ಯಾರಿಂದ ಬಚ್ಚಿಟ್ಟೆವೆಂಬುದನ್ನು ಹೇಳದಿದ್ದರೆ ಆ ವಾಕ್ಯ ಪೂರ್ತಿಯಾಗುವುದಿಲ್ಲ. ನೀನು ಬಚ್ಚಿಟ್ಟಿರುವುದು ನಾಚಿಯಮ್ಮನವರಿಂದ. ಬಚ್ಚಿಟ್ಟಿರುವುದು ಅವರ ಮೊಮ್ಮಗಳನ್ನು.

ನಿನ್ನದು ತಪ್ಪೆಂದು ಹೇಳುತ್ತಿಲ್ಲ. ಅಳಬಾರದೆಂದು ನಿನ್ನ ಬಾಯಿಗೆ ಕೈ ಅಡ್ಡ ಹಿಡಿದವರಿಗೆ ಹೇಳುವುದು ಸುಲಭವಲ್ಲ. ಆದರೆ ನೀನು ಬರೆದದ್ದನ್ನೇ ಮತ್ತೆ ಓದಿ ನೋಡಿದೆ. ‘ಏನಂತ ಕೂಗಿ ಅಳ್ತೀಯ?’ ಎಂದು ಕೇಳಿದರಲ್ಲ, ಆ ಪ್ರಶ್ನೆಗೆ ನಿನ್ನ ಬಳಿ ಉತ್ತರವಿದೆ. ಅದನ್ನು ಅವರು ಒಪ್ಪಿಕೊಳ್ಳುವರೆಂದು ನಾನು ನಂಬಿದ್ದೇನೆ. ನನ್ನ ನಂಬಿಕೆ ಸುಳ್ಳಾಗಬಹುದು.

ನಿನ್ನ ಬದಲು ನಾನು ಹೇಳಲಾರೆ, ಹೇಳಬಾರದು. ಪಕ್ಕದಲ್ಲಿ ನಿಲ್ಲಬಲ್ಲೆ. ಜನವರಿ ಐದು, ಶುಕ್ರವಾರ ಬರುತ್ತೇನೆ. ಅಲ್ಲಿಯವರೆಗೆ ಸುಣ್ಣದ ಕುಂಚ ಮುಟ್ಟಬೇಡ.

ವನಮಾಲಾ


ರಾಮನಗರ, ಕೊಯಮತ್ತೂರು
8 ಜನವರಿ 2024

ಪ್ರಿಯ ನಿವೇತಾ,

ಕ್ಷೇಮವಾಗಿ ಬಂದು ಸೇರಿದೆ. ಅವಿನಾಶಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, ಕಿವಿ ಕೇಳಿಸದೆಂದು ನಾನು ಬರೆದಿಟ್ಟುಕೊಂಡಿದ್ದ ಚೀಟಿ ನೋಡಿ ತಾನೇ ಕೈಹಿಡಿದು ಹತ್ತಿಸಿದನು.

ಶುಕ್ರವಾರ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ಕೇಳಿಸದೆ ಹೋದದ್ದನ್ನು ನೀನು ತುಂಬಬೇಕು. ನಿಮ್ಮ ಅಂಗಳದ ದೊಡ್ಡ ಪಾತ್ರೆಯಲ್ಲಿ ಸುಣ್ಣ ನೆನೆಯುತ್ತಿತ್ತು. ನಾಚಿಯಮ್ಮನವರು ನನ್ನ ಎರಡು ಕೈಗಳನ್ನೂ ಹಿಡಿದು ಏನೇನೋ ಹೇಳಿದರು, ಮಜ್ಜಿಗೆ ಕೊಟ್ಟರು. ನನಗೆ ಕಿವುಡೆಂದು ನೀನು ಸನ್ನೆ ಮಾಡಿದ ಮೇಲೆ ಇನ್ನೂ ದೊಡ್ಡದಾಗಿ ಬಾಯಿ ತೆರೆದು ಹೇಳಿದರು. ಎಲ್ಲರೂ ಹಾಗೆಯೇ ಮಾಡುತ್ತಾರೆ, ನನಗೆ ಇಷ್ಟ.

ಆಮೇಲೆ ಅವರೇ ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ಎಡಗೈಯಲ್ಲಿ ಕುಂಕುಮದ ಬಟ್ಟಲು. ಗೋಡೆ ತೋರಿಸಿ ನನ್ನ ಕಡೆ ತಿರುಗಿ ಕೇಳಿದರು. ಆ ತುಟಿಗಳನ್ನು ನಾನು ಸರಿಯಾಗಿಯೇ ಓದಿದೆ. "ನೀವು ಓದಿ ಹೇಳಿ ಟೀಚರಮ್ಮ, ಇದು ಯಾವ ಸಾಮಿ?"

ಓದಿದೆ, ಮನಸ್ಸಿನಲ್ಲಿ. ಅಕ್ಷರ ಎಷ್ಟು ಅಚ್ಚುಕಟ್ಟಾಗಿದೆ! ನಾನು ಬಾಯಿ ತೆರೆಯಲಿಲ್ಲ. ನಿನ್ನನ್ನು ನೋಡಿದೆ. ನೀನು ಒರಳಿನ ಹತ್ತಿರ ಬಂದು, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು, ಸೊನ್ನೆಯ ಕೆಳಗೆ ಇಟ್ಟು, ಕೊನೆಯದರ ಕೆಳಗೆ ಇಟ್ಟು ಓದಿದೆ. ಆಮೇಲೆ ಅತ್ತೆಯ ಕಡೆ ತಿರುಗಿ ಇನ್ನೇನೋ ಹೇಳಿದೆ.

ಅವರ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತು. ಬೆರಳ ತುದಿಯ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡರು. ಬಟ್ಟಲನ್ನು ಕೆಳಗಿಟ್ಟು, ಆ ಗೋಡೆಗೇ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತರು. ಒಂದು ಕೈ ಎದೆಗೆ ಹೋಯಿತು. ಬಾಯಿ ತೆರೆಯಿತು. ನಾನು ಕಂಡದ್ದು ತೆರೆದ ಬಾಯಿ, ಹಿಂದಕ್ಕೂ ಮುಂದಕ್ಕೂ ತೂಗುವ ಮೈ, ಅವರ ಮಡಿಲಿಗೆ ಕುಸಿದ ನೀನು. ಬಾಗಿಲಲ್ಲಿ ನೆರೆಯ ಹೆಂಗಸರು ಬಂದು ನಿಂತರು, ಅವರ ಮುಖಗಳೂ ಒದ್ದೆಯಾದವು. ನಾನು ಗೋಡೆಯ ಮೇಲೆ ಕೈಯಿಟ್ಟೆ. ಏನೋ ಅದುರುತ್ತಿತ್ತು.

ಕಿವಿ ಹೋದುದಕ್ಕೆ ನಾನು ಎಂದೂ ಅತ್ತವಳಲ್ಲ. ಅಂದು ಅತ್ತುಬಿಟ್ಟೆ. ಅವರು ಏನು ಹೇಳಿದರು ನಿವೇತಾ? ಬರೆದು ಕಳಿಸು.

ವನಮಾಲಾ


ಕುನ್ನತ್ತೂರು
20 ಜನವರಿ 2024

ಪೂಜ್ಯ ಟೀಚರಿಗೆ,

ನಾನು ಓದಿದ್ದು ಅವಳ ಹೆಸರು. ಆಮೇಲೆ ಹೇಳಿದ್ದು, "ಸಾಮಿ ಅಲ್ಲ ಅತ್ತೆ, ನಿಮ್ಮ ಮೊಮ್ಮಗಳು."

"ಏನ್ ಯೋಳ್ದೆ?" ಎಂದರು ಅತ್ತೆ. ಬೈಯುತ್ತಾರೆ ಎಂದುಕೊಂಡೆ. "ಹೆಸ್ರು ಇತ್ತಾ? ನನ್ ಕೂಸಿಗೆ ಹೆಸ್ರು ಇತ್ತಾ?" ಎಂದರು. ಮತ್ತೆ ಮತ್ತೆ ಅದನ್ನೇ ಕೇಳುತ್ತ ಕುಳಿತರು. ಹಾಗೆ ಕೇಳುತ್ತಲೇ ಅದು ಹಾಡಾಯಿತು. ನನಗೆ ನೆನಪಿರುವುದು ಇಷ್ಟು:

ಹೊಲದ ಬದುವಲ್ಲಿ ಬೆಳ್ಳಗೆ ಪೂತೆ, ನನ್ನ ತುಂಬೆ
ನಾನು ಬಗ್ಗಿ ಎತ್ತೋಕು ಮುಂಚೆ ಬಾಡ್ದೆ, ನನ್ನ ತುಂಬೆ
ಕಣ್ಣಿನ್ ನೀರ ಕಟ್ಟೆ ಕಟ್ಟಿ ನಿಲ್ಸಿದ್ದೆ, ತಾಯೀ
ನಿನ್ನ ಏನಂತ ಕೂಗ್ಲಿ ಅಂತ ಗೊತ್ತಿಲ್ದೆ, ನನ್ನ ತುಂಬೆ

ಯಾರು ಹೋದರು ಎಂದು ಕೇಳುತ್ತ ಬಂದ ನೆರೆಯವರಿಗೆ ಅತ್ತೆಯೇ ಹೇಳಿದರು: "ನಮ್ಮ ತುಂಬೆ ಹೋಗ್ಬಿಟ್ಟಳು. ಆವಣಿ ತಿಂಗ್ಳು ಬರೋಕೆ ಮುಂಚೇನೇ ಹೋಗ್ಬಿಟ್ಟಳು." ನೀವು ಬಸ್ಸಿಗೆ ಹೋದ ಮೇಲೂ ಅವರು ನಿಲ್ಲಿಸಲಿಲ್ಲ.

ಸಂಜೆ ಇವರು ಕೆಲಸದಿಂದ ಬಂದರು. ಅತ್ತೆ ಗೋಡೆಯ ಮುಂದೆ ನಿಲ್ಲಿಸಿ ಅಕ್ಷರದ ಮೇಲೆ ಬೆರಳಾಡಿಸಿ ಓದಿ ತೋರಿಸಿದರು. ಒಂದೇ ಮಧ್ಯಾಹ್ನಕ್ಕೆ ಕಲಿತುಬಿಟ್ಟಿದ್ದಾರೆ. ಇವರು, "ನಾ ಯಾಳಿನಿ ಅಂತ ನೆನಸಿದ್ದೆ" ಎಂದರು. ಆಮೇಲೆ, "ತುಂಬೆನೇ ಇರ್ಲಿ" ಎಂದರು. ಹಸುಗಳಿಗೆ ಪಟ್ಟಿ ಪೊಂಗಲ್ ಮಾಡಿದ ದಿನ ಹೊಲಕ್ಕೆ ಬದುವಿನ ದಾರಿಯಲ್ಲೇ ಹೋದರು.

ಸುಣ್ಣ ಹೊಡೆದಾಯಿತು ಟೀಚರ್. ಅವಳ ಹೆಸರನ್ನು ಬಿಟ್ಟು ಸುತ್ತಲೂ ಹೊಡೆದೆ. ನಾನು ಕುಂಚ ಆಡಿಸುತ್ತಿರುವಾಗ ಅತ್ತೆ ಕೈಹಿಡಿದು ತಡೆದರು.

"ಪಕ್ಕದಾಗೆ ಇನ್ನೊಂಚೂರು ಜಾಗ ಬಿಡು ಅಮ್ಮಿಣಿ."

"ಯಾಕತ್ತೆ?"

"ಕಾರ್ತಿಗೆ ಮುಂಚೆ ಒಂದು ಹೋಯ್ತು. ಗಂಡು. ಹೆಸ್ರೇನು ಅಂತ ಯಾರೂ ಕೇಳ್ಲಿಲ್ಲ. ನಾನೂ ಇಡ್ಲಿಲ್ಲ."

ಇಷ್ಟು ಹೇಳಿ ಎಮ್ಮೆಗೆ ನೀರಿಡಲು ಹೋದರು. ನನ್ನ ಬಾಯಿಗೆ ಅಡ್ಡ ಬಂದ ಆ ಕೈಯನ್ನು ನೆನೆಸಿಕೊಂಡೆ. ಅವರ ಬಾಯಿಗೆ ಅಂದು ಯಾರು ಕೈ ಅಡ್ಡ ಹಿಡಿದಿದ್ದರೋ.

ಮುಂದಿನ ಕ್ರಿಯಾಪದ ಕಳಿಸಿ, ಓದುತ್ತೇನೆ. ಅತ್ತೆಯೂ ಸಂಜೆ ನನ್ನ ಪಕ್ಕ ಕೂರುತ್ತಾರೆ. ಇಂಗ್ಲಿಷಿಗಲ್ಲ, ಜಿಲೇಬಿಗೆ.

ಬಿಟ್ಟ ಜಾಗ ಇನ್ನೂ ಖಾಲಿಯಾಗಿಯೇ ಇದೆ. ದಿನಾ ಬೆಳಿಗ್ಗೆ ಅತ್ತೆ ಒರಳಿನ ಮುಂದೆ ಕುಳಿತು ಆ ಮಗನಿಗೆಂದು ಒಂದು ಹೆಸರು ಹೇಳುತ್ತಾರೆ. ನಾನು ಬೆರಳದ್ದಿಕೊಂಡು ಗೋಡೆಯ ಹತ್ತಿರ ಹೋಗುವಷ್ಟರಲ್ಲಿ, "ಬೇಡ ಅಮ್ಮಿಣಿ, ಅದು ಅವನ ಮೊಕಕ್ಕೆ ಒಪ್ಪಲ್ಲ" ಎನ್ನುತ್ತಾರೆ. ಆ ಮುಖ ಅವರಿಗೆ ಇನ್ನೂ ನೆನಪಿದೆ. ಕೆಮ್ಮಣ್ಣಿನ ಬಟ್ಟಲನ್ನು ಒರಳಿನ ಪಕ್ಕದಲ್ಲೇ ಇಟ್ಟು, ಒಣಗದ ಹಾಗೆ ದಿನವೂ ನೀರು ಚಿಮುಕಿಸುತ್ತಿದ್ದೇನೆ.

ನಿಮ್ಮ ಶಿಷ್ಯೆ, ತುಂಬೆಯ ತಾಯಿ,
ನಿವೇತಾ